ಫೆಲ್ತಮ್‌ನ ಗೋಡೆಯ ಮೇಲೆ ಎರಡು ಹೆಸರು

ರಾಕ್ ತಾರೆಯ ಸ್ಮಾರಕ ಅಂದ್ರೆ ದೊಡ್ಡ ಚೌಕ, ಕಂಚಿನ ಪ್ರತಿಮೆ ಕಣ್ಮುಂದೆ ಬರುತ್ತೆ, ಅಲ್ವಾ? ಕ್ವೀನ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡದ್ದು 1991ರಲ್ಲಿ. ಅವರ ಕಂಚಿನ ಪ್ರತಿಮೆಗೆ ಲಂಡನ್ನಿನಲ್ಲಿ ಜಾಗ ಸಿಗಲಿಲ್ಲ. 1996ರಲ್ಲಿ ಅದು ಸ್ವಿಟ್ಜರ್ಲೆಂಡಿನ ಮಾಂತ್ರೋ ಪಟ್ಟಣದ ಸರೋವರದ ದಂಡೆ ಸೇರಿತು.

ಆದ್ರೆ ನಾನು ಇವತ್ತು ಹೇಳೋದು ಫೆಲ್ತಮ್ ಕಥೆ. ಹೀಥ್ರೂ ವಿಮಾನ ನಿಲ್ದಾಣದ ಹತ್ತಿರ, ಲಂಡನ್ನಿನ ಅಂಚಿನಲ್ಲಿರೋ ಸಾಮಾನ್ಯ ಬಡಾವಣೆ ಅದು.

ಫ್ರೆಡ್ಡಿಯ ಹುಟ್ಟುಹೆಸರು ಫರೋಖ್ ಬುಲ್ಸಾರಾ. ಹುಟ್ಟಿದ್ದು ಜಾಂಜಿಬಾರ್‌ನ ಪಾರ್ಸಿ ಮನೆಯಲ್ಲಿ. ಶಾಲೆ ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ. 1964ರಲ್ಲಿ ಜಾಂಜಿಬಾರ್‌ನಲ್ಲಿ ಕ್ರಾಂತಿಯಾದಾಗ ಕುಟುಂಬ ಊರು ಬಿಟ್ಟು ಫೆಲ್ತಮ್‌ಗೆ ಬಂತು. ಆಗ ಹುಡುಗನಿಗೆ 17 ವರ್ಷ.

2009ರಲ್ಲಿ ಫೆಲ್ತಮ್‌ನ ಅಂಗಡಿಗಳ ನಡುವೆ, ಜನ ಸಾಮಾನು ಹಿಡಿದು ಓಡಾಡೋ ಜಾಗದಲ್ಲಿ, ಫ್ರೆಡ್ಡಿ ಹೆಸರಿನ ನಕ್ಷತ್ರ ಫಲಕ ಬಂತು. ಅನಾವರಣಕ್ಕೆ ಬ್ಯಾಂಡಿನ ಬ್ರಯಾನ್ ಮೇ ಜೊತೆ ತಾಯಿ ಜೆರ್ ಬಂದಿದ್ದರು. 2016ರಲ್ಲಿ ಕುಟುಂಬ ಇದ್ದ ಪುಟ್ಟ ಮನೆಯ ಗೋಡೆಗೆ ನೀಲಿ ಫಲಕ ಹಾಕಿದರು. ಅದರಲ್ಲಿ ಫ್ರೆಡ್ಡಿ ಮರ್ಕ್ಯುರಿ, ಕೆಳಗೆ ಫ್ರೆಡ್ ಬುಲ್ಸಾರಾ ಅಂತಾನೂ ಬರೆದಿದೆ.

ನನಗೆ ಮುಖ್ಯ ಅನ್ನಿಸೋದು ಆ ಎರಡನೇ ಹೆಸರು. ಮಾಂತ್ರೋ ಪ್ರತಿಮೆಯಲ್ಲಿ ಕಾಣೋದು ವೇದಿಕೆಯ ತಾರೆ. ಊರು ಕಳೆದುಕೊಂಡು ಬಂದ ಮನೆಯ ಹುಡುಗನ ಗುರುತು ಸಿಗೋದು ಫೆಲ್ತಮ್‌ನ ಈ ಗೋಡೆಯಲ್ಲಿ.