ಎಲ್‌ಇಡಿ ಮಿನುಗಿಸಿದ್ದಾಯಿತು, ಮುಂದೆ ಯಾವ ಪ್ರಾಜೆಕ್ಟ್?

ಆರ್ಡುಇನೊ ಕಿಟ್ ತಂದು ಎಲ್‌ಇಡಿ ಮಿನುಗಿಸಿದವರು, ಬಜರ್ ಕೂಗಿಸಿದವರು ಮುಂದಿನ ಪ್ರಾಜೆಕ್ಟ್ ಹುಡುಕುವುದು ಮೊಬೈಲ್‌ನಲ್ಲೇ. ಅಲ್ಲಿ ಪದೇ ಪದೇ ಫಾರ್ವರ್ಡ್ ಆಗಿ ಬರುವುದು, ಆಯಸ್ಕಾಂತ ಮತ್ತು ತಂತಿ ಸುರುಳಿಯಿಂದ ‘ಬಿಲ್ಲೇ ಇಲ್ಲದೆ’ ಬಲ್ಬ್ ಉರಿಸುವ ವಿಡಿಯೊ. ಅದನ್ನು ನಂಬಿ ದುಡ್ಡು ಹಾಕಬೇಡಿ. ಸುರುಳಿಯ ಬಳಿ ಆಯಸ್ಕಾಂತ ತಿರುಗಿದರೆ ಕರೆಂಟ್ ಹುಟ್ಟುವುದು ನಿಜ. ಆದರೆ ಹುಟ್ಟಿದ ಕರೆಂಟೇ ಆಯಸ್ಕಾಂತವನ್ನು ಹಿಡಿದೆಳೆಯುತ್ತದೆ. ಹೊರಗಿನಿಂದ ತಿರುಗಿಸುತ್ತಲೇ ಇರದಿದ್ದರೆ ನಿಂತುಬಿಡುತ್ತದೆ. ಡೈನಮೊ ಹಾಕಿದಾಗ ಸೈಕಲ್ ಪೆಡಲ್ ಭಾರವಾಗುವುದು ಇದಕ್ಕೇ.

ಮಾಡಿದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಆಗುವಂಥದ್ದು, ಮನೆಯಲ್ಲಿ ಒಬ್ಬರಿಗಾದರೂ ಬೇಕಾದದ್ದು ಆಯ್ದುಕೊಳ್ಳಿ. ಕೈವಾರ, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರಿಗೆ ನಾವು ಹೇಳುವುದು: ರೇಷ್ಮೆ ಹುಳು ಮನೆಗೆ ಉಷ್ಣಾಂಶ, ತೇವಾಂಶ ತೋರಿಸುವ ಮೀಟರ್.

ಚಾಕಿ ಹುಳುವಿಗೆ ಸುಮಾರು 27–28 ಡಿಗ್ರಿ ಸೆಲ್ಸಿಯಸ್, ಶೇ 85ರಷ್ಟು ತೇವಾಂಶ ಬೇಕು. ನಾಲ್ಕನೇ ಜ್ವರ ಎದ್ದ ಹುಳುವಿಗೆ 24–25 ಡಿಗ್ರಿ, ಶೇ 70ರಷ್ಟು ಸಾಕು. ಗಾಳಿ ಒಣಗಿದರೆ ಸೊಪ್ಪು ಬಾಡಿ ಹುಳು ಮೇಯುವುದಿಲ್ಲ. ತಂಪಿನ ಜೊತೆ ತೇವ ಏರಿದರೆ ಸುಣ್ಣಕಟ್ಟು ರೋಗದ ಭಯ. ಅಂದರೆ ನಿಮ್ಮ ಮೀಟರ್ ತಪ್ಪು ತೋರಿಸಿದರೆ ನಷ್ಟ ಬೆಳೆಗೇ.

ಆದ್ದರಿಂದ ಸೆನ್ಸರ್ ವಿಷಯದಲ್ಲಿ ಜಿಪುಣತನ ಬೇಡ. ಕಿಟ್‌ನಲ್ಲಿ ಬರುವ ನೀಲಿ ಬಣ್ಣದ ಡಿಎಚ್‌ಟಿ11 ಉಷ್ಣಾಂಶದಲ್ಲಿ 2 ಡಿಗ್ರಿ, ತೇವಾಂಶದಲ್ಲಿ ಶೇ 5ರಷ್ಟು ಆಚೀಚೆ ಆಗಬಹುದು. ಬಿಳಿಯ ಡಿಎಚ್‌ಟಿ22ರಲ್ಲಿ ಅದು ಅರ್ಧ ಡಿಗ್ರಿ ಮತ್ತು ಶೇ 2ರ ಆಸುಪಾಸು.

ಪರೀಕ್ಷೆಗೆ ಅಡುಗೆಮನೆಯ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿಹೋಗದಷ್ಟೇ ನೀರು ಬೆರೆಸಿ, ಸೆನ್ಸರ್‌ಗೆ ತಾಗದಂತೆ ಗಾಳಿಯಾಡದ ಡಬ್ಬಿಯೊಳಗಿಟ್ಟು ಒಂದು ರಾತ್ರಿ ಬಿಡಿ. ಒದ್ದೆ ಉಪ್ಪಿನ ಸುತ್ತಲಿನ ಗಾಳಿಯ ತೇವಾಂಶ ಶೇ 75ಕ್ಕೆ ಬಂದು ನಿಲ್ಲುತ್ತದೆ. ಸೆನ್ಸರ್ 71 ತೋರಿಸಿದರೆ ಕೋಡ್‌ನಲ್ಲಿ 4 ಕೂಡಿಸಿ. ಮೊದಲ ಬೆಳೆಗೆ ಮಾತ್ರ ಹಳೆಯ ಒಣ–ಒದ್ದೆ ಥರ್ಮಾಮೀಟರನ್ನು ಗೋಡೆಯಿಂದ ಇಳಿಸಬೇಡಿ.

ರಿಲೇ ಹಾಕಿ ಹೀಟರನ್ನೂ ತಾನಾಗಿ ಆನ್ ಮಾಡುವ ಆಸೆ ಹುಟ್ಟುತ್ತದೆ. ಅಲ್ಲಿರುವುದು 230 ವೋಲ್ಟ್, ಕೆಳಗೆ ಒದ್ದೆ ನೆಲ. ಸದ್ಯಕ್ಕೆ ಮೊಬೈಲ್ ಚಾರ್ಜರ್‌ನ 5 ವೋಲ್ಟ್‌ನಲ್ಲಿ ಬಜರ್ ಕೂಗಿದರೆ ಸಾಕು, ಸ್ವಿಚ್ಚನ್ನು ಮನೆಯವರು ಒತ್ತಲಿ. ಬ್ಲೀಚಿಂಗ್ ಪೌಡರ್, ಫಾರ್ಮಲಿನ್‌ನಿಂದ ಹುಳು ಮನೆ ಶುದ್ಧಿ ಮಾಡುವ ಮುಂಚೆ ಸೆನ್ಸರ್ ಕಳಚಿಡಿ. ಆ ಹಬೆ ಅದನ್ನು ಕೆಡಿಸುತ್ತದೆ. ಮತ್ತೆ ಹಾಕುವಾಗ ಉಪ್ಪಿನ ಪರೀಕ್ಷೆ ಇನ್ನೊಮ್ಮೆ ಆಗಲಿ.