ತಗುಚಿ ಉಕಿಚಿ: ಜಪಾನಿನ ಆರ್ಥಿಕ ಪತ್ರಿಕೋದ್ಯಮಕ್ಕೆ ಬುನಾದಿ ಹಾಕಿದವರು

ಸುಂಕ, ನೋಟು, ಬ್ಯಾಂಕು, ಬಡ್ಡಿ ಮೊದಲಾದ ಸಂಗತಿಗಳನ್ನು ಸರ್ಕಾರಿ ಕಡತಗಳಿಂದ ಹೊರತಂದು, ಓದುಬರಹ ಬಲ್ಲ ಪ್ರಜೆಗಳು ಚರ್ಚಿಸುವ ವಿಷಯವಾಗಿಸಿದ ಜಪಾನೀಯರಲ್ಲಿ ತಗುಚಿ ಉಕಿಚಿ (1855–1905) ಪ್ರಮುಖರು. 1879ರಲ್ಲಿ ಅವರು ಆರಂಭಿಸಿದ ‘ಟೋಕಿಯೊ ಕೇಜಾಯ್ ಝಾಶ್ಶಿ’, ಎಂದರೆ ಟೋಕಿಯೊ ಆರ್ಥಿಕ ಪತ್ರಿಕೆ, ನಾಲ್ಕು ದಶಕಗಳಿಗೂ ಮೀರಿ ಬಾಳಿತು. ಪತ್ರಕರ್ತ, ಪ್ರಕಾಶಕ, ಇತಿಹಾಸಕಾರ, ಶಾಸಕ ಎಂಬ ನಾಲ್ಕೂ ಪಾತ್ರಗಳನ್ನು ಅವರು ವಹಿಸಿದರು. ಸರಕಿನ ಸಂಚಾರಕ್ಕೂ ವಿಚಾರದ ಸಂಚಾರಕ್ಕೂ ಅಡ್ಡಗೋಡೆ ಇರಬಾರದು ಎಂಬ ನಂಬಿಕೆ ಎಲ್ಲದರ ಹಿಂದೆಯೂ ಇತ್ತು.

ತಗುಚಿ ಹುಟ್ಟಿದ್ದು ಎದೋ ನಗರದಲ್ಲಿ. ಅದೇ ಮುಂದೆ ಟೋಕಿಯೊ ಆಯಿತು. ಅವರದು ಜಪಾನನ್ನು ಆಳುತ್ತಿದ್ದ ಸೇನಾಧಿಪತಿಗಳಾದ ಶೋಗನರ ಸೇವೆಯಲ್ಲಿದ್ದ ಕೆಳದರ್ಜೆಯ ಸಮುರಾಯ್ ಮನೆತನ. ತಂದೆ ಬಹಳ ಬೇಗ ತೀರಿಕೊಂಡರು. 1868ರಲ್ಲಿ ಶೋಗನರ ಆಳ್ವಿಕೆ ಕೊನೆಗೊಂಡಾಗ ಅದನ್ನೇ ನಂಬಿದ್ದ ಸಾವಿರಾರು ಕುಟುಂಬಗಳಂತೆ ಇವರದೂ ಜೀವನೋಪಾಯ ಕಳೆದುಕೊಂಡಿತು. ಬಾಲಕ ಉಕಿಚಿ ಬಂದರು ಪಟ್ಟಣವಾದ ಯೊಕೊಹಾಮಾದಲ್ಲಿ ಕೆಲಕಾಲ ಕಳೆದು, ಬಳಿಕ ಶೋಗನರ ಟೊಕುಗಾವಾ ಮನೆತನ ನುಮಾಝುವಿನಲ್ಲಿ ತೆರೆದಿದ್ದ ಸೈನಿಕ ಶಾಲೆಯಲ್ಲಿ ಓದಿದರು. ವೈದ್ಯ ಶಿಕ್ಷಣವನ್ನೂ ಪಡೆಯಲು ಹೊರಟಿದ್ದರು. ಆದರೆ 1872ರಲ್ಲಿ ಹಣಕಾಸು ಖಾತೆಯ ಅನುವಾದ ವಿಭಾಗ ಸೇರಿದ್ದು ಅವರ ದಾರಿಯನ್ನೇ ಬದಲಿಸಿತು. ಇಂಗ್ಲಿಷ್ ಕಲಿತು, ಬ್ರಿಟನ್ನಿನ ಅರ್ಥಶಾಸ್ತ್ರ ಗ್ರಂಥಗಳನ್ನು ಆಳವಾಗಿ ಅಭ್ಯಾಸ ಮಾಡಿದರು.

1877ರಲ್ಲಿ ಅವರ ‘ನಿಹೋನ್ ಕೈಕಾ ಶೋಶಿ’ ಎಂಬ ಜಪಾನೀ ನಾಗರಿಕತೆಯ ಸಂಕ್ಷಿಪ್ತ ಇತಿಹಾಸದ ಪ್ರಕಟಣೆ ಆರಂಭವಾಯಿತು. ರಾಜರ ಮತ್ತು ಯುದ್ಧಗಳ ಸರಣಿಯ ಬದಲು ಜನಜೀವನದ ಬೆಳವಣಿಗೆಯನ್ನೇ ಅದು ಮುಖ್ಯವಾಗಿ ನಿರೂಪಿಸಿತು. ಮರುವರ್ಷ ಮುಕ್ತ ವ್ಯಾಪಾರವನ್ನು ಪ್ರತಿಪಾದಿಸುವ ಪುಸ್ತಕ ಹೊರಬಂತು. ಅದೇ ವರ್ಷ ತಗುಚಿ ಸರ್ಕಾರಿ ನೌಕರಿ ಬಿಟ್ಟರು.

ಸರ್ಕಾರಕ್ಕೆ ಬ್ಯಾಂಕ್ ವ್ಯವಹಾರದ ಸಲಹೆಗಾರರಾಗಿದ್ದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಅಲನ್ ಶಾಂಡ್ ಅವರಿಂದ ತಗುಚಿಯವರ ಪತ್ರಿಕೆಗೆ ಲಂಡನ್ನಿನ ‘ಇಕನಾಮಿಸ್ಟ್’ ವಾರಪತ್ರಿಕೆಯ ಮಾದರಿ ದೊರೆಯಿತು. ಮುಕ್ತ ವ್ಯಾಪಾರದ ಪರವಾಗಿ ಅದನ್ನು 1843ರಲ್ಲಿ ಸ್ಥಾಪಿಸಿದವರು ಜೇಮ್ಸ್ ವಿಲ್ಸನ್. 1860ರಲ್ಲಿ ಭಾರತದ ಮೊದಲ ಬಜೆಟ್ ಮಂಡಿಸಿದವರೂ ಅವರೇ. ಪ್ರಥಮ ರಾಷ್ಟ್ರೀಯ ಬ್ಯಾಂಕಿನ ಮುಖ್ಯಸ್ಥ ಶಿಬುಸಾವಾ ಎಯಿಚಿ ಹಾಗೂ ಇತರ ಬ್ಯಾಂಕರುಗಳ ಬೆಂಬಲದಿಂದ 1879ರ ಜನವರಿಯಲ್ಲಿ ತಗುಚಿಯವರ ಪತ್ರಿಕೆ ಮಾಸಿಕವಾಗಿ ಹೊರಟಿತು. ಕೆಲವೇ ವರ್ಷಗಳಲ್ಲಿ ವಾರಪತ್ರಿಕೆಯಾಯಿತು.

ಪತ್ರಿಕೆ ಹುಟ್ಟಿದ ಕಾಲ ಸುಲಭದ್ದಾಗಿರಲಿಲ್ಲ. ಅತೃಪ್ತ ಸಮುರಾಯ್‌ಗಳ 1877ರ ಸತ್ಸುಮಾ ದಂಗೆಯನ್ನು ಅಡಗಿಸಲು ಸರ್ಕಾರ ಬೆಳ್ಳಿಯ ಆಧಾರವಿಲ್ಲದ ನೋಟುಗಳನ್ನು ಹೇರಳವಾಗಿ ಹೊರಡಿಸಿತ್ತು. ಬೆಲೆಗಳು ಏರುತ್ತಿದ್ದವು. ಪಾಶ್ಚಾತ್ಯ ದೇಶಗಳೊಂದಿಗಿನ 1866ರ ಒಪ್ಪಂದದ ಪ್ರಕಾರ ಜಪಾನ್ ತನ್ನ ಆಮದು ಸುಂಕವನ್ನು ಸುಮಾರು ಶೇ 5ಕ್ಕಿಂತ ಹೆಚ್ಚಿಸುವಂತಿರಲಿಲ್ಲ. ಈ ಸ್ಥಿತಿಯಲ್ಲೂ ತಗುಚಿ ಮುಕ್ತ ವ್ಯಾಪಾರವನ್ನೇ ಎತ್ತಿ ಹಿಡಿದರು: ಪ್ರತಿ ದೇಶವೂ ತನ್ನ ನೆಲ ಮತ್ತು ದುಡಿಮೆಗೆ ಒಗ್ಗುವುದನ್ನು ಉತ್ಪಾದಿಸಿ ವಿನಿಮಯ ಮಾಡಿಕೊಂಡರೆ ಎಲ್ಲರಿಗೂ ಲಾಭ, ಸರ್ಕಾರ ಕೆಲವು ಉದ್ಯಮಗಳನ್ನು ಓಲೈಸಿದರೆ ಅದರ ಹೊರೆ ಉಳಿದವರ ಮೇಲೆ ಬೀಳುತ್ತದೆ.

ಈ ವಾದಕ್ಕೆ ಎದುರಾಳಿಯೂ ಸಿಕ್ಕರು. 1880ರಲ್ಲಿ ಇನುಕಾಯ್ ತ್ಸುಯೋಶಿ ‘ಟೋಕಾಯ್ ಕೇಜಾಯ್ ಶಿಂಪೋ’ ಪತ್ರಿಕೆ ಹೊರಡಿಸಿ, ಎಳೆಯ ಉದ್ಯಮಗಳಿಗೆ ಸುಂಕದ ರಕ್ಷಣೆ ಬೇಕೆಂದು ವಾದಿಸಿದರು. ಎರಡು ಪತ್ರಿಕೆಗಳ ನಡುವಿನ ಈ ವಾಗ್ವಾದ ಜಪಾನಿನ ಓದುಗರಿಗೆ ಅರ್ಥಶಾಸ್ತ್ರದ ಪಾಠಶಾಲೆಯಾಯಿತು. ಇನುಕಾಯ್ ಅವರ ಪತ್ರಿಕೆ 1882ರಲ್ಲಿ ನಿಂತಿತು. ಅವರು 1931ರಲ್ಲಿ ಪ್ರಧಾನಿಯಾದರು.

ತಗುಚಿ ಬರಹಕ್ಕಷ್ಟೇ ಸೀಮಿತರಾಗಲಿಲ್ಲ. ರೇಷ್ಮೆ ನೇಯ್ಗೆಯ ಊರುಗಳಾದ ಕಿರ್ಯು, ಅಶಿಕಾಗಾಗಳನ್ನು ಬೆಸೆದ ರ್‍ಯೋಮೋ ರೈಲ್ವೆ ಕಂಪನಿಯ ಅಧ್ಯಕ್ಷರಾದರು. 1890ರಲ್ಲಿ ಕೆಲಸವಿಲ್ಲದ ಸಮುರಾಯ್‌ಗಳಿಗೆ ನೆರವಾಗಲೆಂದು ‘ತೆನ್ಯು ಮಾರು’ ಹಡಗಿನಲ್ಲಿ ದಕ್ಷಿಣ ಸಾಗರದ ಮೈಕ್ರೊನೇಷ್ಯಾ ದ್ವೀಪಗಳಿಗೆ ವ್ಯಾಪಾರಯಾನ ಕೈಗೊಂಡರು. ಅದಕ್ಕೆ ಬಳಸಿದ, ಸಮುರಾಯ್‌ಗಳ ನೆರವಿಗೆಂದು ಇದ್ದ ಪರಿಹಾರ ನಿಧಿಯ ಬಗ್ಗೆ ಟೀಕೆಗಳು ಎದ್ದು, ಆ ಉದ್ಯಮದಿಂದ ಹಿಂದೆ ಸರಿಯಬೇಕಾಯಿತು. 1894ರಲ್ಲಿ ಸಂಸತ್ತಿನ ಕೆಳಮನೆಗೆ ಆಯ್ಕೆಯಾದರು.

ಅವರ ಪ್ರಕಾಶನದ ಇನ್ನೊಂದು ಕವಲು ಇತಿಹಾಸ. 1891ರಲ್ಲಿ ಆರಂಭಿಸಿದ ‘ಶಿಕಾಯ್’ ಪತ್ರಿಕೆಯಲ್ಲಿ ಅವರು ಇತಿಹಾಸಕಾರ ಕುಮೆ ಕುನಿತಾಕೆ ಅವರ ಲೇಖನವೊಂದನ್ನು ಮರುಮುದ್ರಿಸಿದರು. ಜಪಾನಿನ ಸಾಂಪ್ರದಾಯಿಕ ಧರ್ಮವಾದ ಶಿಂಟೋ ಎಂಬುದು ಆಕಾಶಪೂಜೆಯ ಪ್ರಾಚೀನ ಆಚರಣೆಯ ಉಳಿಕೆ ಎಂದು ಅದರಲ್ಲಿತ್ತು. ಒಪ್ಪದವರು ಉತ್ತರಿಸಲಿ ಎಂದು ತಗುಚಿ ಸವಾಲು ಹಾಕಿದರು. ಪ್ರತಿಭಟನೆ ಭುಗಿಲೆದ್ದು 1892ರಲ್ಲಿ ಕುಮೆ ಇಂಪೀರಿಯಲ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡರು. ತಗುಚಿ ಸಂಶೋಧನೆಯ ಸ್ವಾತಂತ್ರ್ಯದ ಪರವಾಗಿಯೇ ನಿಂತರು. 1897ರಿಂದ 1901ರವರೆಗೆ ಹೊರಬಂದ ‘ಕೊಕುಶಿ ತೈಕೇಯ್’ ಮಾಲೆಯ 17 ಸಂಪುಟಗಳ ಮೂಲಕ ಜಪಾನಿನ ಮೂಲ ಚಾರಿತ್ರಿಕ ಗ್ರಂಥಗಳು ಸಾಮಾನ್ಯ ಓದುಗರಿಗೂ ದೊರಕುವಂತೆ ಮಾಡಿದರು.

1905ರ ಏಪ್ರಿಲ್‌ನಲ್ಲಿ, 50 ತುಂಬುವ ಮೊದಲೇ, ತಗುಚಿ ತೀರಿಕೊಂಡರು. ಅವರ ಪತ್ರಿಕೆ ಮುಂದುವರಿದು, ಕಾಂಟೋ ಮಹಾಭೂಕಂಪದ ವರ್ಷವಾದ 1923ರಲ್ಲಿ ನಿಂತಿತು. ಅಷ್ಟರೊಳಗೆ ಅವರು ತೆರೆದ ದಾರಿಯಲ್ಲಿ ಇತರರೂ ಬಂದಿದ್ದರು. 1895ರಲ್ಲಿ ಮಾಚಿದಾ ಚುಜಿ ‘ಟೋಯೋ ಕೇಜಾಯ್ ಶಿಂಪೋ’ವನ್ನೂ 1913ರಲ್ಲಿ ಇಶಿಯಾಮಾ ಕೆಂಕಿಚಿ ‘ಡೈಮಂಡ್’ ಪತ್ರಿಕೆಯನ್ನೂ ಸ್ಥಾಪಿಸಿದರು. ಈ ಎರಡು ಸಂಸ್ಥೆಗಳೂ ಇಂದಿಗೂ ಪ್ರಕಾಶನದಲ್ಲಿವೆ. ಸರ್ಕಾರದ ಆರ್ಥಿಕ ನೀತಿಯನ್ನು ಅಂಕಿ-ಅಂಶ ಮುಂದಿಟ್ಟು ಬಹಿರಂಗವಾಗಿ ಪ್ರಶ್ನಿಸುವ ಪದ್ಧತಿಗೆ ಜಪಾನಿನಲ್ಲಿ ನೆಲೆ ಒದಗಿಸಿದ್ದೇ ತಗುಚಿಯವರ ದೊಡ್ಡ ಕೊಡುಗೆ.