ಕೃಷ್ಣಾಪುರದ ಸೂಲಗಿತ್ತಿ ಮನೆತನ

ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದರೂ ಸುತ್ತ ಬಹುಪಾಲು ಆಂಧ್ರದ ನೆಲವೇ. ಮಳೆ ಕಡಿಮೆ, ಹೊಲದಲ್ಲಿ ಕಡಲೆಕಾಯಿ, ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್. ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ತಿರುಮಣಿ ಸುತ್ತಿನ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದ ಮೇಲೆ ಹೊರಗಿನವರಿಗೆ ಪಾವಗಡವೆಂದರೆ ಅದು, ಇಲ್ಲವೇ ಪಟ್ಟಣದ ಶನಿಮಹಾತ್ಮ ದೇವಸ್ಥಾನ. ಇದೇ ತಾಲ್ಲೂಕಿನ ಕೃಷ್ಣಾಪುರದ ಹೆಸರೆತ್ತುವವರು ಅಪರೂಪ.

ಈ ಊರಿಗೆ ಪದ್ಮಶ್ರೀ ತಂದುಕೊಟ್ಟ ವಿದ್ಯೆ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದದ್ದು. ಅಜ್ಜಿ ಮರಿಗೆಮ್ಮ ಸೂಲಗಿತ್ತಿ. ಮೊಮ್ಮಗಳು ನರಸಮ್ಮನಿಗೆ ಹನ್ನೆರಡನೇ ವಯಸ್ಸಿಗೇ ಅಂಜಿನಪ್ಪನೊಂದಿಗೆ ಮದುವೆ. ಹೆತ್ತದ್ದು ಹನ್ನೆರಡು ಮಕ್ಕಳು, ಉಳಿದದ್ದು ಎಂಟು. ಆ ಹೆರಿಗೆಗಳಲ್ಲಿ ಕೆಲವಕ್ಕೆ ಅಜ್ಜಿಯೇ ಕೈ ಹಾಕಿದ್ದಳು. ನರಸಮ್ಮ ಪಾಠ ಕಲಿತದ್ದು ತನ್ನದೇ ನೋವಿನ ನಡುವೆ. 1940ರಲ್ಲಿ, ಇಪ್ಪತ್ತರ ಹರೆಯದಲ್ಲಿ, ನೆಂಟರ ಮನೆಯ ಬಸುರಿಯೊಬ್ಬಳ ಹೆರಿಗೆ ಮಾಡಿಸಿ ಕೆಲಸ ಶುರು ಮಾಡಿದಳು.

ಊರ ಹೊರಗೆ ಬಿಡಾರ ಹೂಡುತ್ತಿದ್ದ ಅಲೆಮಾರಿಗಳ ಬಸುರಿಯರನ್ನೂ ಆಕೆ ನೋಡಿಕೊಂಡಳು. ಬದಲಿಗೆ ಅವರು ಸೊಪ್ಪು, ಬೇರು, ನಾರುಗಳ ಮದ್ದು ಕಲಿಸಿದರು. ಅಕ್ಷರ ಬಾರದ ಆಕೆ ಬಸುರಿಯ ಹೊಟ್ಟೆಯ ಮೇಲೆ ಅಂಗೈ ಆಡಿಸಿ ಕೂಸಿನ ತಲೆ ಎತ್ತ ಇದೆ ಎಂದು ಹೇಳುತ್ತಿದ್ದಳು. ದುಡ್ಡು ಕೇಳುತ್ತಿರಲಿಲ್ಲ.

ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು ಎಂದು ಎಲ್ಲ ಕಡೆ ಅಚ್ಚಾಗಿದೆ. ಆಕೆ ದುಡಿದ ಎಪ್ಪತ್ತು ವರ್ಷಕ್ಕೆ ಹಂಚಿದರೆ ವಾರಕ್ಕೆ ನಾಲ್ಕು. ಕೃಷ್ಣಾಪುರವೊಂದರಲ್ಲೇ ಅಷ್ಟು ತೊಟ್ಟಿಲು ತೂಗಲು ಸಾಧ್ಯವಿಲ್ಲ. ಅಂದಮೇಲೆ ಆ ಲೆಕ್ಕದೊಳಗೆ ಸುತ್ತಲಿನ ಹತ್ತಾರು ಹಳ್ಳಿಗಳೂ ಇರಬೇಕು. ಆದರೆ ಕಡತದಲ್ಲಿ ಹುಡುಕಿದರೆ ಆಕೆ ಸಿಗುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಹೆರಿಗೆಯ ಸುದ್ದಿಯನ್ನು ನೋಂದಣಾಧಿಕಾರಿಗೆ ಮುಟ್ಟಿಸುವ ಹೊಣೆಯನ್ನು ಸೂಲಗಿತ್ತಿಗೂ ಹೊರಿಸಿತು. ನಮೂನೆಯಲ್ಲಿ ಹೆರಿಗೆ ಮಾಡಿಸಿದ್ದು ಡಾಕ್ಟರೋ, ನರ್ಸೋ, ಸೂಲಗಿತ್ತಿಯೋ ಎಂದು ಗುರುತು ಹಾಕಲು ಜಾಗವಿದೆ. ಆ ಸೂಲಗಿತ್ತಿ ಯಾರು ಎಂದು ಬರೆಯಲು ಇಲ್ಲ. ಮರಿಗೆಮ್ಮನ ಕಾಲದ್ದಂತೂ ಕೇಳಲೇಬೇಡಿ. ಮೊಮ್ಮಗಳು ಹೆಸರು ಹೇಳದಿದ್ದರೆ ಆ ಅಜ್ಜಿ ಇದ್ದಳೆಂದೇ ನಮಗೆ ತಿಳಿಯುತ್ತಿರಲಿಲ್ಲ.

2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ರ ವಯಸ್ಸಿನಲ್ಲಿ, ನರಸಮ್ಮ ತೀರಿಕೊಂಡರು.

ಅವರ ಕೈಯಲ್ಲಿ ಹುಟ್ಟಿದವರು, ಹೆತ್ತ ತಾಯಂದಿರು ಗಡಿಯ ಎರಡೂ ಕಡೆ ಇನ್ನೂ ಇದ್ದಾರೆ. ಪಾವಗಡದ ಶಾಲೆ, ಪಂಚಾಯಿತಿಗಳು ಮನಸ್ಸು ಮಾಡಿ, ಹಳ್ಳಿ ಹಳ್ಳಿಗೂ ಒಂದು ನೋಟ್‌ಬುಕ್ ಇಟ್ಟು, ಆ ಹೆಸರುಗಳನ್ನು ಈಗಲೇ ಬರೆಸಬೇಕು.